ಕೆಂಪು ದೀಪಕ್ಕೆ ಮೊದಲು ಕೇಳುವ ಸದ್ದು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕಡೂರಿನ ರೈಲ್ವೆ ಗೇಟಿನ ಪಕ್ಕದ ತಗಡಿನ ಶೆಡ್ಡಿನ ಮುಂದೆ ಸಖರಾಯಪಟ್ಟಣದ ಒಂದು ಫಿಯೆಟ್ ಕಾರು ನಿಂತಿದೆ. ಬಾನೆಟ್ಟಿನ ಮೇಲೆ ಇಬ್ಬನಿ ಕೂತಿದೆ. ಕಾರು ನಿನ್ನೆ ಸಂಜೆಯಿಂದ ಅಲ್ಲೇ ಇದೆ. ಸಂಜೆ ಬಿಟ್ಟು ಹೋಗಬೇಕು, ಬೆಳಿಗ್ಗೆ ಬೇರೆ ಯಾರೂ ಮುಟ್ಟುವ ಮೊದಲು ತಾವೇ ಕೀ ತಿರುಗಿಸಬೇಕು ಎನ್ನುವುದು ಶೆಡ್ಡಿನ ಮೆಕ್ಯಾನಿಕ್ ಸಣ್ಣಬೀರಪ್ಪನವರ ಕಟ್ಟುನಿಟ್ಟು. ಬಿಸಿಯಾದ ಇಂಜಿನ್ ತನ್ನ ನೋವನ್ನು ಮುಚ್ಚಿಟ್ಟುಕೊಳ್ಳುತ್ತದೆ, ತಣ್ಣಗಿನ ಇಂಜಿನ್ ಇದ್ದದ್ದನ್ನು ಇದ್ದಂತೆ ಹೇಳುತ್ತದೆ ಎಂದು ಅವರು ನಂಬಿದ್ದಾರೆ.

ಅವರು ಮೊದಲು ಎತ್ತಿಕೊಳ್ಳುವುದು ಬೋಲ್ಟ್ ತಿರುಗಿಸುವ ಪಾನವನ್ನೂ ಅಲ್ಲ, ಸ್ಕ್ರೂಡ್ರೈವರನ್ನೂ ಅಲ್ಲ. ತೆಂಗಿನ ಕಡ್ಡಿಯ ಒಂದು ಮೋಟು ಪೊರಕೆಯನ್ನು. ಬಾನೆಟ್ ಎತ್ತಿ ಇಂಜಿನ್ನಿನ ಸುತ್ತಮುತ್ತ, ಸಂದಿಗೊಂದಿಗಳಲ್ಲಿ, ಬ್ಯಾಟರಿಯ ಕೆಳಗೆ ಗುಡಿಸುತ್ತಾರೆ. ಆಯುಧಪೂಜೆ ಕಳೆದು ಹತ್ತು ದಿನ ಆಗಿದೆ. ಒಣಗಿದ ಚೆಂಡು ಹೂವು, ಬಾಡಿದ ವೀಳ್ಯದೆಲೆ, ಮುದುಡಿ ಕಪ್ಪಾದ ಒಂದು ನಿಂಬೆಹಣ್ಣು ಉದುರುತ್ತವೆ. ಅದನ್ನೆಲ್ಲ ಒಂದು ತಟ್ಟೆಗೆ ಹಾಕಿ, ಬೆರಳಲ್ಲಿ ಕೆದಕಿ ನೋಡಿ, ಆಮೇಲೆ ಬೇಲಿಯಾಚೆ ಸುರಿಯುತ್ತಾರೆ.

"ಬೀರಣ್ಣ, ಕಸ ಗುಡ್ಸೋಕೆ ನಮ್ಮೂರಲ್ಲೇ ಆಳು ಅವ್ರೆ. ಬೇಗ ನೋಡಿ ಬಿಡಣ್ಣೋ, ಸಾವ್ಕಾರ್ರು ಏಳು ಗಂಟೆಗೆ ಹೊರಡ್ತಾರೆ" ಎಂದು ಫಿಯೆಟ್ಟಿನ ಚಾಲಕ ಗೊಣಗುತ್ತಾನೆ.

"ಬಾಯಿ ಮುಚ್ಕೊಂಡು ನಿಂತ್ಕೊಳಪ್ಪ. ನಿನ್ ಸದ್ದು ಕೇಳೋಕಲ್ಲ ನಾನು ಎದ್ದಿರೋದು."

ಗುಡಿಸಿ ಆದ ಮೇಲೆ ಚಾಲಕನ ಸೀಟಿನಲ್ಲಿ ಕೂತು ಕೀ ತಿರುಗಿಸುತ್ತಾರೆ. ಮೀಟರಿನ ಕೆಳಗೆ ಆಯಿಲ್ಲಿನ ಕೆಂಪು ದೀಪ ಹತ್ತುತ್ತದೆ. ಇಂಜಿನ್ ಕೆಮ್ಮಿ ಹಿಡಿದುಕೊಳ್ಳುತ್ತದೆ. ಸಣ್ಣಬೀರಪ್ಪ ಜೋರಾಗಿ ಎಣಿಸುತ್ತಾರೆ: ಒಂದು, ಎರಡು, ಮೂರು. ಏಳಕ್ಕೆ ದೀಪ ಆರುತ್ತದೆ. ಕಳೆದ ಯುಗಾದಿಯಲ್ಲಿ ಇದೇ ಕಾರಿನ ದೀಪ ನಾಲ್ಕಕ್ಕೆ ಆರಿತ್ತು. ಅದನ್ನು ಅವರು ಎಲ್ಲೂ ಬರೆದಿಟ್ಟಿಲ್ಲ, ನೆನಪಿದೆ. ಇಳಿದು ಬಂದು ಒಂದು ಮೊಳ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಬಲಗಿವಿಯ ಹಿಂದಿನ ಮೂಳೆಗೆ ಕೊಟ್ಟು ಕಣ್ಣು ಮುಚ್ಚುತ್ತಾರೆ. ಆರು ಕಡೆ ಹಾಗೆ ಒತ್ತಿ ಕೇಳಿದ ಮೇಲೆ ತೀರ್ಪು ಬರುತ್ತದೆ.

"ಆಯಿಲ್ ಪಂಪ್ ಸೋತೈತೆ. ಇನ್ನೂ ಸತ್ತಿಲ್ಲ. ದೀಪಾವಳಿ ಒಳಗೆ ತಂದ್ಬಿಡು."

"ಚೆನ್ನಾಗಿ ಓಡ್ತಾ ಐತಲ್ಲಣ್ಣ!"

"ಓಡ್ತಾ ಇರೋದನ್ನೇ ನಾನು ನೋಡೋದು ಕಣೋ. ನಿಂತೋಗಿರೋದನ್ನ ಯಾವನಾದ್ರೂ ನೋಡ್ತಾನೆ."

ಐವತ್ತೊಂದು ವರ್ಷದ ಸಣ್ಣಬೀರಪ್ಪನವರ ಕಸುಬಿನ ತಿರುಳು ಈ ಮಾತಿನಲ್ಲಿದೆ. ಕೆಟ್ಟು ನಿಂತ ಗಾಡಿಯನ್ನು ರಿಪೇರಿ ಮಾಡುವವರು ಕಡೂರಿನಲ್ಲಿ ಎಂಟು ಜನ ಇದ್ದಾರೆ, ತರೀಕೆರೆಯಲ್ಲಿ ಇನ್ನೂ ಹೆಚ್ಚು. ಕೆಡುವ ಮೊದಲೇ ಯಾವ ಭಾಗ ಕೆಡಲಿದೆ ಎಂದು ಹೇಳುವವರು ಈ ಮೂರು ತಾಲ್ಲೂಕು ಸೀಮೆಯಲ್ಲಿ ಇವರೊಬ್ಬರೇ. ದಿನಕ್ಕೆ ಏಳೆಂಟು ಗಾಡಿ ಬರುತ್ತವೆ. ಬಿಚ್ಚುವುದು ಎರಡೋ ಮೂರೋ. ಉಳಿದವಕ್ಕೆ ಬರೀ ಕಿವಿ ಕೊಟ್ಟು ಕಳಿಸುತ್ತಾರೆ. ಅಮೃತಾಪುರದ ದೇವಸ್ಥಾನ ನೋಡಲು ಬರುವ ದೂರದ ಕಾರುಗಳು, ಅಡಿಕೆ ಹೊತ್ತ ತರೀಕೆರೆಯ ಲಾರಿಗಳು, ಸಿಂಗಟಗೆರೆಯ ಟ್ರ್ಯಾಕ್ಟರುಗಳು ಎಲ್ಲವೂ ಒಂದಲ್ಲ ಒಂದು ದಿನ ಈ ಶೆಡ್ಡಿನ ಮುಂದೆ ಸದ್ದು ಒಪ್ಪಿಸಿ ಹೋಗಿವೆ.

ಕೆಂಪು ದೀಪದ ಬಗ್ಗೆ ಅವರಿಗೆ ಗೌರವ ಇಲ್ಲ. "ಅದು ಕಟ್ಟಕಡೇಲಿ ಕೂಗೋದು. ಆಯಿಲ್ ದೀಪ ಓಡೋವಾಗ ಹತ್ತಿಕೊಳ್ತು ಅಂದ್ರೆ ಅಲ್ಲೇ ಆಫ್ ಮಾಡಿ ಇಳೀಬೇಕು, ಒಂದು ಮೈಲಿ ಅಂದ್ರೆ ಒಂದು ಮೈಲಿ ಹೋಗಂಗಿಲ್ಲ. ಆದ್ರೆ ನಮ್ಮ ಡ್ರೈವರ್‌ಗಳು ಏನ್ ಮಾಡ್ತಾರೆ ಗೊತ್ತಾ? ದೀಪ ಹತ್ತುತ್ತೆ ಅಂತ ಬಲ್ಬೇ ಕಿತ್ತಾಕ್ತಾರೆ. ಇನ್ನು ಕೆಲವ್ರು ಪೂಜೇಲಿ ಮೀಟರಿಗೆಲ್ಲ ವಿಭೂತಿ ಬಳ್ದು, ಸರಿಯಾಗಿ ಆ ದೀಪದ ಗಾಜಿನ ಮೇಲೇ ಕುಂಕುಮ ಇಟ್ಟಿರ್ತಾರೆ. ಒಳಗೆ ದೀಪ ಉರಿದ್ರೂ ಕುಂಕುಮಾನೇ ಕಾಣೋದು!" ಎಂದು ನಗುತ್ತಾರೆ. ನಗುವಾಗ ಎಡಗಡೆಯ ಎರಡು ಹಲ್ಲು ಇಲ್ಲದಿರುವುದು ಕಾಣುತ್ತದೆ. ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವಾಗ ಅದು ತಿರುಗಿ ಬಡಿದು ಹೋದ ಹಲ್ಲುಗಳು.

ಸಣ್ಣಬೀರಪ್ಪ ಹುಟ್ಟಿದ್ದು ಸಿಂಗಟಗೆರೆಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಕುರಿ ಕೆಮ್ಮಿದ ಮೇಲೆ ಔಷಧಿ ಕೊಟ್ಟರೆ ತಡವಾಯಿತು ಎಂದು ಅವರ ಅಪ್ಪ ಹೇಳುತ್ತಿದ್ದರಂತೆ. ಮೇಯುವ ಹಿಂಡಿನ ನಡುವೆ ಕೂತು ಹುಲ್ಲು ಕತ್ತರಿಸುವ ಸದ್ದನ್ನು ಆ ಮನುಷ್ಯ ಕೇಳುತ್ತಿದ್ದರು. ಯಾವ ಕುರಿಯ ಸದ್ದು ನಿಧಾನವೋ ಅದನ್ನು ಅಂದೇ ಬೇರೆ ಕಟ್ಟುತ್ತಿದ್ದರು. ಮಗನಿಗೆ ಕುರಿ ಒಗ್ಗಲಿಲ್ಲ, ಕಿವಿ ಮಾತ್ರ ಬಂತು. ತರೀಕೆರೆಯ ಒಂದು ವರ್ಕ್‌ಶಾಪಿಗೆ ಸೇರಿ ಹದಿನಾರು ವರ್ಷ ದುಡಿದರು. ಅಲ್ಲಿ ಸಿಡಿದ ಒಂದು ಸೈಲೆನ್ಸರು ಎಡಗಿವಿಯ ಅರ್ಧ ಶ್ರವಣಶಕ್ತಿಯನ್ನು ತೆಗೆದುಕೊಂಡು ಹೋಯಿತು. ಎಪ್ಪತ್ತೊಂದರಲ್ಲಿ ಕಡೂರಿಗೆ ಬಂದು ಈ ಶೆಡ್ಡು ಹಾಕಿದರು. ಗೇಟು ಬಿದ್ದಾಗ ಗಾಡಿಗಳು ಸಾಲಾಗಿ ನಿಲ್ಲುತ್ತವೆ, ಆಫ್ ಮಾಡುವವರೆಗೆ ಕೂತಲ್ಲೇ ಕೇಳಬಹುದು ಎಂಬ ಲೆಕ್ಕಾಚಾರದಿಂದಲೇ ಈ ಜಾಗ ಹಿಡಿದದ್ದು.

ಹೀಗೆ ಮುಂಚಿತವಾಗಿ ಹೇಳುವ ಕಸುಬಿಗೆ ಹೆಸರು ಬರುವುದಿಲ್ಲ. ಕೆಟ್ಟು ನಿಂತ ಗಾಡಿಯನ್ನು ಓಡಿಸಿಕೊಟ್ಟವನನ್ನು ಜನ ನೆನೆಯುತ್ತಾರೆ. ಕೆಡದೆ ಊರು ಸೇರಿದ ಗಾಡಿಯ ಬಗ್ಗೆ ಮಾತಾಡಲು ಏನಿದೆ? ಭಾಗ ಬದಲಾಯಿಸಿಕೊಂಡವನು ಇವರು ಸುಮ್ಮಸುಮ್ಮನೆ ಬದಲಾಯಿಸಿಬಿಟ್ಟರು ಎಂದು ಅನುಮಾನಪಡುತ್ತಾನೆ. ಬದಲಾಯಿಸಿಕೊಳ್ಳದೆ ದಾರಿಯಲ್ಲಿ ನಿಂತವನು ಇವರ ಬಾಯಿಂದಲೇ ಹಾಗಾಯಿತು ಎಂದು ಬೈಯುತ್ತಾನೆ. ಬಸ್ ನಿಲ್ದಾಣದ ಚಾಲಕರು ಇವರಿಗೆ 'ಹಲ್ಲಿ ಬೀರಪ್ಪ' ಎಂದು ಹೆಸರಿಟ್ಟಿದ್ದಾರೆ. ಪ್ರಯಾಣ ಹೊರಟಾಗ ಲೊಚಗುಟ್ಟುವ ಹಲ್ಲಿ ಎಂದು ಅರ್ಥ. ಮದುವೆ ದಿಬ್ಬಣ ಹೊತ್ತ ಕೆಲವು ಗಾಡಿಗಳು ಶೆಡ್ಡಿನ ಮುಂದೆ ಬೇಕೆಂದೇ ಹಾರನ್ ಬಾರಿಸಿಕೊಂಡು ಹೋಗುತ್ತವೆ, ಇಂಜಿನ್ನಿನ ಸದ್ದು ಇವರಿಗೆ ಕೇಳದಿರಲಿ ಎಂದು.

"ಅಂದ್ಕೊಳ್ಲಿ ಬಿಡಿ" ಎನ್ನುತ್ತಾರೆ ಅವರ ಹೆಂಡತಿ ಅಂಬಮ್ಮ, ಶೆಡ್ಡಿಗೆ ತಿಂಡಿ ತಂದವರು. "ಮನೇಲೂ ಹಂಗೇಯ. ರುಬ್ಬೋ ಕಲ್ಲು ಸವ್ದೈತೆ ಅಂತಾರೆ, ಬಾವಿ ರಾಟೆ ನಾಳಿದ್ದು ಮುರೀತೈತೆ ಅಂತಾರೆ. ಮುರೀತೈತೆ ಅನ್ನಿ. ಆದ್ರೂ ಮುರಿಯೋ ಮುಂಚೆ ಕೇಳೋಕೆ ಯಾರಿಗೆ ಚೆಂದ?"

ಸಣ್ಣಬೀರಪ್ಪ ಸಾಧುಸಂತರೇನಲ್ಲ. ಬೀಡಿ ಬಿಟ್ಟಿಲ್ಲ. ಸಿಟ್ಟು ಬಂದರೆ ಪಾನ ಎಸೆಯುತ್ತಾರೆ. ತಮ್ಮ ಕಿವಿಯ ಬಗ್ಗೆ ಜಂಬ ಇತ್ತು. 'ಇತ್ತು' ಎಂದು ಅವರೇ ಹೇಳುತ್ತಾರೆ. ಆ ಜಂಬ ಮುರಿದದ್ದು ಎಪ್ಪತ್ತೆಂಟರ ಆಯುಧಪೂಜೆಯ ನಂತರದ ವಾರದಲ್ಲಿ. ಏಳು ವರ್ಷದಿಂದ ಅವರು ಕಾಯುತ್ತಿರುವ ಒಂದು ಕಾರಿನ ಕಥೆಯೂ ಅಲ್ಲಿಂದಲೇ ಶುರುವಾಗುತ್ತದೆ.

ಕಾರು ಅಜ್ಜಂಪುರದ ದೇವೀರಪ್ಪನವರದು. ಬೂದು ಬಣ್ಣದ ಹಳೆಯ ಅಂಬಾಸಿಡರ್, ಬಾಡಿಗೆಗೆ ಓಡುವುದು. ತರೀಕೆರೆಯ ವರ್ಕ್‌ಶಾಪಿನ ಕಾಲದಲ್ಲಿ ದೇವೀರಪ್ಪ ಒಂದು ಲಾರಿಯ ಕ್ಲೀನರ್ ಆಗಿದ್ದರು. ಇಬ್ಬರಿಗೂ ಒಂದೇ ವಯಸ್ಸು, ಒಂದೇ ಬೆಂಚಿನಲ್ಲಿ ಮಲಗುತ್ತಿದ್ದರು. ಅರವತ್ತೊಂಬತ್ತರಲ್ಲಿ ಮರಕ್ಕೆ ಗುದ್ದಿ ಮೂಲೆ ಸೇರಿದ್ದ ಒಂದು ಅಂಬಾಸಿಡರನ್ನು ದೇವೀರಪ್ಪ ಎತ್ತಿನಗಾಡಿಗೆ ಕಟ್ಟಿ ಎಳೆಸಿಕೊಂಡು ಅಜ್ಜಂಪುರಕ್ಕೆ ತಂದರು. ಮನೆಯ ಹಿತ್ತಿಲಲ್ಲಿ ಹನ್ನೊಂದು ಭಾನುವಾರ ಇಬ್ಬರೂ ಕೂತು ಅದನ್ನು ಕಟ್ಟಿದರು. ಇಂಜಿನ್ನಿನ ಒಂದೊಂದು ಬೋಲ್ಟನ್ನೂ ಸಣ್ಣಬೀರಪ್ಪ ಬಿಗಿದರು. ದೇವೀರಪ್ಪನವರ ತಾಯಿ ಹುಚ್ಚಮ್ಮ ಇಬ್ಬರಿಗೂ ಮುದ್ದೆ ಹಾಕುತ್ತಿದ್ದರು.

"ಅವ್ವ ನಂಗೆ ಸಣ್ಣ ಅಂತ ಕೂಗ್ತಿದ್ರು. 'ಲೇ ಸಣ್ಣ, ಈ ಗಾಡಿ ಪೆಟ್ರೋಲಿಂದ ಓಡ್ತೈತೆ ಅಂದ್ಕೊಂಡಿದೀರೇನ್ರೋ, ನನ್ ಮುದ್ದೆಯಿಂದ ಓಡೋದು' ಅನ್ನೋರು. ಹನ್ನೊಂದ್ನೇ ಭಾನುವಾರ ಸ್ಟಾರ್ಟ್ ಆಯ್ತು. ಆ ಸದ್ದು..." ಎನ್ನುತ್ತಾರೆ. ಎಂಥ ಸದ್ದು ಎಂದರೆ ತಲೆ ಆಡಿಸುತ್ತಾರೆ. "ಬಾಯಲ್ಲಿ ಹೇಳೋದಲ್ಲ ಅದು."

ಆ ಮೇಲೆ ಒಂಬತ್ತು ವರ್ಷ ಆ ಕಾರನ್ನು ಬೇರೆ ಯಾರೂ ಮುಟ್ಟಲಿಲ್ಲ. ವಾರಕ್ಕೊಮ್ಮೆ ದೇವೀರಪ್ಪ ಮೊದಲು ತರೀಕೆರೆಗೆ, ಎಪ್ಪತ್ತೊಂದರ ನಂತರ ಈ ಶೆಡ್ಡಿಗೆ ಬಂದು ಬಾನೆಟ್ ಎತ್ತುತ್ತಿದ್ದರು. ಸಣ್ಣಬೀರಪ್ಪ ಕಿವಿ ಕೊಡುತ್ತಿದ್ದರು. ಚಹಾ ಕುಡಿದು ಹೋಗುತ್ತಿದ್ದರು.

ಎಪ್ಪತ್ತೆಂಟರಲ್ಲಿ ಹುಚ್ಚಮ್ಮ ಕಾಯಿಲೆ ಬಿದ್ದು ಶಿವಮೊಗ್ಗದ ಆಸ್ಪತ್ರೆ ಸೇರಿದರು. ಆಯುಧಪೂಜೆ ಮುಗಿದ ಮೇಲೆ ವೈದ್ಯರು ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ಹುಚ್ಚಮ್ಮ ಮಗನಿಗೆ ಹೇಳಿದ್ದು ಒಂದೇ ಮಾತು: "ನಿನ್ ಗಾಡಿ ತಗಂಬಾ. ನಾನು ಅದ್ರಲ್ಲೇ ಬತ್ತೀನಿ." ಮರುದಿನ ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಹಿಂದಿನ ಸಂಜೆ ದೇವೀರಪ್ಪ ಕಡೂರಿಗೆ ಬಂದು ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸಿದರು. ಅವ್ವನನ್ನು ಕೂರಿಸಿಕೊಂಡು ಬರುವ ಗಾಡಿ, ಒಂದು ಸಲ ಕೇಳಿಬಿಡು ಎಂದರು.

ಸಣ್ಣಬೀರಪ್ಪ ಕೇಳಿದರು. ಒಳಗೆ ಡುಗ್ ಡುಗ್ ಎಂದು ಮಂದವಾದ ಒಂದು ಬಡಿತ ಇತ್ತು. ಇಂಜಿನ್ನಿನ ಹೊಟ್ಟೆಯಲ್ಲಿ ಬೇರಿಂಗ್ ಸವೆದಾಗ ಬರುವ ಬಡಿತ. ಅದನ್ನು ಖಚಿತ ಮಾಡಿಕೊಳ್ಳಲು ಒಂದು ಉಪಾಯ ಇದೆ. ನಾಲ್ಕು ಪ್ಲಗ್ಗುಗಳ ತಂತಿಯನ್ನು ಒಂದೊಂದಾಗಿ ಕಿತ್ತು ನೋಡಬೇಕು. ಯಾವುದನ್ನು ಕಿತ್ತಾಗ ಬಡಿತ ನಿಲ್ಲುತ್ತದೋ ಅದರ ಬೇರಿಂಗೇ ಹೋಗಿದೆ ಎಂದು ಅರ್ಥ. ಮೂರನೆಯ ತಂತಿ ಕಿತ್ತರು. ಬಡಿತ ನಿಂತಿತು.

"ಶಿವಮೊಗ್ಗ ಮುಟ್ತೀಯ, ವಾಪಸ್ ಬರಲ್ಲ. ಅವ್ವನ್ನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ದಾರೀಲಿ ನಿಂತ್ಕೋತೀಯ" ಎಂದರು ಸಣ್ಣಬೀರಪ್ಪ.

"ಎಷ್ಟೊತ್ತು ಬೇಕು?"

"ಬೆಳಿಗ್ಗೆ ಹೊತ್ತಿಗೆ ಕೊಡ್ತೀನಿ."

ಕೆಳಗಿನ ಆಯಿಲ್ ತೊಟ್ಟಿ ಇಳಿಸಿ ಮೂರನೆಯ ಬೇರಿಂಗ್ ಬಿಚ್ಚಿದರು. ಅದು ಕನ್ನಡಿಯಂತೆ ಇತ್ತು. ಒಂದು ಗೀರೂ ಇರಲಿಲ್ಲ. ಆಗಲೇ ಮುಚ್ಚಿದ್ದರೆ ಬೆಳಗಿನ ಐದಕ್ಕೆ ಕಾರು ಹೊರಡುತ್ತಿತ್ತು. ಸಣ್ಣಬೀರಪ್ಪ ಮುಚ್ಚಲಿಲ್ಲ. ತಾವು ಕೇಳಿದ್ದು ಸುಳ್ಳಾಗುವುದಿಲ್ಲ ಎಂದು ಉಳಿದ ಮೂರನ್ನೂ ಬಿಚ್ಚಿದರು. ಅವೂ ಸರಿಯಾಗಿದ್ದವು. ಆಮೇಲೆ ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕನ್ನು ಹೊತ್ತ ದೊಡ್ಡ ಬೇರಿಂಗುಗಳಿಗೆ ಕೈ ಹಾಕಿದರು. ಬೆಳಗಾಯಿತು. ಬೆಂಚಿನ ಮೇಲೆ ಕೂತಿದ್ದ ದೇವೀರಪ್ಪ, "ಬೇರೆ ಗಾಡಿ ಮಾಡ್ಕೊಂಡು ಹೋಗ್ಲಾ?" ಎಂದು ಕೇಳಿದರು. "ಇನ್ನೊಂದು ಗಂಟೆ ತಡಿ" ಎಂದರು ಸಣ್ಣಬೀರಪ್ಪ. ಎರಡು ಸಲ ಹಾಗೆ ಕೇಳಿದರು, ಎರಡು ಸಲವೂ ಇವರು ಹಾಗೇ ಅಂದರು.

"ಅದೇ ನನ್ ತಪ್ಪು" ಎನ್ನುತ್ತಾರೆ ಈಗ. "ಸದ್ದು ತಪ್ಪಾಗಿ ಕೇಳಿದ್ದಲ್ಲ. ಯಾರಿಗಾದ್ರೂ ಕಿವಿ ತಪ್ತೈತೆ. ಕಣ್ಣೆದುರಿಗೆ ಬೇರಿಂಗ್ ಚೆನ್ನಾಗಿದ್ರೂ ನಂಬಲಿಲ್ವಲ್ಲ, ಅದು."

ಮಧ್ಯಾಹ್ನ ಮೂರರ ಹೊತ್ತಿಗೆ ಶಿವಮೊಗ್ಗದಿಂದ ಬಸ್ ನಿಲ್ದಾಣಕ್ಕೆ ಫೋನ್ ಬಂತು. ಸುದ್ದಿಯನ್ನು ಒಬ್ಬ ಕಂಡಕ್ಟರ್ ಶೆಡ್ಡಿಗೆ ತಂದರು. ಹುಚ್ಚಮ್ಮ ತೀರಿಕೊಂಡಿದ್ದರು. ಸಣ್ಣಬೀರಪ್ಪ ಆಗ ಕಾರಿನ ಕೆಳಗೆ ಮಲಗಿ ಆಯಿಲ್ ತೊಟ್ಟಿಯನ್ನು ಮತ್ತೆ ಕೂರಿಸುತ್ತಿದ್ದರು. ಮೇಲಿಂದ ದೇವೀರಪ್ಪನವರ ದನಿ ಕೇಳಿತು.

"ಏನಾಗಿತ್ತು ಗಾಡಿಗೆ?"

"ಏನೂ ಆಗಿರ್ಲಿಲ್ಲ."

"ಬೋಲ್ಟ್ ಬಿಗಿ ಮಾಡು."

ಇಬ್ಬರ ನಡುವಿನ ಕೊನೆಯ ಮಾತು ಅದು. ಬೈಗುಳ ಇಲ್ಲ, ಜಗಳ ಇಲ್ಲ. ಸಣ್ಣಬೀರಪ್ಪ ಮಣ್ಣಿಗೆ ಹೋಗಿ ಹಿಂದೆ ನಿಂತು ಬಂದರು. ದೇವೀರಪ್ಪ ತಿರುಗಿ ನೋಡಲಿಲ್ಲ. ತಿಥಿಗೆ ಕರೆ ಬರಲಿಲ್ಲ. ಕಾರು ಮತ್ತೆ ಶೆಡ್ಡಿನ ಕಡೆ ತಿರುಗಲಿಲ್ಲ.

ಕಾರು ಹೋದ ಮಾರನೆಯ ಬೆಳಿಗ್ಗೆ ಸಣ್ಣಬೀರಪ್ಪ ಶೆಡ್ಡು ಗುಡಿಸುವಾಗ, ಕಾರಿನ ಕೆಳಗೆ ಹಾಸಿದ್ದ ಗೋಣಿಚೀಲದ ಮಡಿಕೆಯಲ್ಲಿ ಇಡಿಯಾಗಿ ಒಣಗಿದ ಒಂದು ಗೋಟಡಿಕೆ ಸಿಕ್ಕಿತು. ಆಯಿಲ್ ಹಿಡಿದು ಕಪ್ಪಾಗಿತ್ತು. ಒಂದು ಮಗ್ಗುಲು ಬಡಿದು ಬಡಿದು ಚಪ್ಪಟೆಯಾಗಿತ್ತು. ಬಿರುಕಿನಲ್ಲಿ ಕುಂಕುಮ ಉಳಿದಿತ್ತು. ಆಯುಧಪೂಜೆಗೆ ಇಂಜಿನ್ನಿನ ಮೇಲೆ ಇಟ್ಟ ಎಲೆ ಅಡಿಕೆ. ಎಲೆ ಒಣಗಿ ಹಾರಿಹೋಗಿದೆ, ಅಡಿಕೆ ಉರುಳಿ ಆಯಿಲ್ ತೊಟ್ಟಿಗೂ ಅದರ ಪಕ್ಕದ ತಗಡಿಗೂ ನಡುವಿನ ಸಂದಿಯಲ್ಲಿ ಕೂತಿದೆ. ಇಂಜಿನ್ ನಡುಗಿದಾಗಲೆಲ್ಲ ಡುಗ್ ಡುಗ್ ಎಂದು ಬಡಿದಿದೆ. ಮೂರನೆಯ ತಂತಿ ಕಿತ್ತಾಗ ನಡುಕದ ರೀತಿ ಬದಲಾಗಿ ಅದು ಸುಮ್ಮನಾಗಿದೆ. ತೊಟ್ಟಿ ಇಳಿಸಿದಾಗ ಕೆಳಗಿನ ಚೀಲಕ್ಕೆ ಉದುರಿದೆ. ನಾಣ್ಯವಾಗಿದ್ದರೆ ಟಣ್ ಎನ್ನುತ್ತಿತ್ತು, ತಿಳಿಯುತ್ತಿತ್ತು. ಒಣ ಅಡಿಕೆಯ ಸದ್ದು ಮಾತ್ರ ಸವೆದ ಬೇರಿಂಗಿನದೇ ತದ್ರೂಪ.

ಆ ಅಡಿಕೆ ಶೆಡ್ಡಿನ ಗೂಡಿನಲ್ಲಿ ಒಂದು ಗ್ರೀಸ್ ಡಬ್ಬಿಯಲ್ಲಿದೆ. ಅಂಬಮ್ಮನವರ ಹೊರತು ಬೇರೆ ಯಾರಿಗೂ ಅವರು ಅದನ್ನು ತೋರಿಸಿರಲಿಲ್ಲ. ಅಂದೇ ಅಜ್ಜಂಪುರಕ್ಕೆ ಹೋಗಿ ತೋರಿಸಬಹುದಿತ್ತಲ್ಲ?

"ಏನಂತ ತೋರ್ಸೋದು? ನಿಮ್ಮನೆ ಪೂಜೆ ಅಡಿಕೆಯಿಂದ ಹಿಂಗಾಯ್ತು ಅಂತಾನಾ? ಭಕ್ತಿಯಿಂದ ಇಟ್ಟ ಕೈ ಅದು. ಇಟ್ಟೋರು ಜೀವಮಾನವೆಲ್ಲ ಕೊರಗ್ಬೇಕಾ? ಅಡಿಕೆ ಸದ್ದು ಯಾವುದು, ಬೇರಿಂಗ್ ಸದ್ದು ಯಾವುದು ಅಂತ ತಿಳೀಬೇಕಾಗಿದ್ದು ನಾನು." ಇಟ್ಟ ಕೈ ಯಾರದು ಎಂದು ಕೇಳಿದರೆ ಅವರು ಬೀಡಿ ಹಚ್ಚುತ್ತಾರೆ.

ಅಂದಿನಿಂದ ಪೊರಕೆ ಬಂತು. ಮೊದಲು ಕಸ, ಆಮೇಲೆ ಕಿವಿ. ಆಯುಧಪೂಜೆಯ ನಂತರದ ಒಂದು ತಿಂಗಳಂತೂ ಗುಡಿಸದೆ ಅವರು ಯಾವ ಗಾಡಿಯ ಸದ್ದನ್ನೂ ಕೇಳುವುದಿಲ್ಲ. ಚಾಲಕರು ಇದಕ್ಕೆ 'ಬೀರಣ್ಣನ ಎರಡನೇ ಪೂಜೆ' ಎನ್ನುತ್ತಾರೆ. ಯಾಕೆ ಎಂದು ಅವರಿಗೆ ಗೊತ್ತಿಲ್ಲ.

ದೇವೀರಪ್ಪನವರ ಕಾರು ಈಗಲೂ ಸೋಮವಾರ, ಶುಕ್ರವಾರ ಅಜ್ಜಂಪುರದಿಂದ ಕಡೂರಿಗೆ ಬರುತ್ತದೆ. ಗೇಟು ತೆರೆದಿದ್ದರೆ ಶೆಡ್ಡಿನ ಮುಂದೆ ಹತ್ತು ಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಆ ಹತ್ತು ಸೆಕೆಂಡು ಸಣ್ಣಬೀರಪ್ಪ ಕೈಯಲ್ಲಿರುವ ಕೆಲಸ ನಿಲ್ಲಿಸುತ್ತಾರೆ. ಏಳು ವರ್ಷದಲ್ಲಿ ಆ ಕಾರಿಗೆ ಏನೇನಾಗಿದೆ ಎಂಬುದೆಲ್ಲ ಅವರಿಗೆ ಗೊತ್ತು. ಎಂಬತ್ತರಲ್ಲಿ ಸೈಲೆನ್ಸರ್ ಬದಲಾಯಿತು. ಎಂಬತ್ತೆರಡರಲ್ಲಿ ಯಾರೋ ವಾಲ್ವನ್ನು ಬಿಗಿಯಾಗಿ ಹೊಂದಿಸಿದರು. ಕಳೆದ ವರ್ಷ ನೀರಿನ ಪಂಪ್ ಕಿರುಗುಟ್ಟಿ, ಎರಡು ವಾರ ಬಿಟ್ಟು ಸರಿಯಾಯಿತು. ಗೇಟು ಬಿದ್ದಿದ್ದರೆ ಮಾತ್ರ ಏನೂ ಕೇಳುವುದಿಲ್ಲ. ಪೆಟ್ರೋಲ್ ಉಳಿಸಲು ಎಲ್ಲ ಚಾಲಕರೂ ಗೇಟಿನಲ್ಲಿ ಇಂಜಿನ್ ಆಫ್ ಮಾಡುತ್ತಾರೆ. ದೇವೀರಪ್ಪ ನೂರು ಗಜ ಮೊದಲೇ ಆಫ್ ಮಾಡಿ, ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿಸಿಕೊಂಡು ಬಂದು ನಿಲ್ಲುತ್ತಾರೆ. ಅದು ಪೆಟ್ರೋಲಿಗಾಗಿಯೋ ಬೇರೆ ಕಾರಣಕ್ಕೋ ಎಂದು ಅವರನ್ನು ಯಾರೂ ಕೇಳಿಲ್ಲ.

ಈಗ ಎರಡು ತಿಂಗಳಿಂದ ಆ ಹತ್ತು ಸೆಕೆಂಡಿನಲ್ಲಿ ಹೊಸದೊಂದು ಸದ್ದು ಸೇರಿದೆ. ಗೇಟಿನ ಉಬ್ಬು ಹತ್ತಿ ಆಕ್ಸಿಲರೇಟರ್ ಬಿಟ್ಟಾಗ ಒಳಗೆ ಬಡಿಯುತ್ತದೆ. ಡುಗ್ ಡುಗ್. ಅದೇ ಸದ್ದು.

ಸಣ್ಣಬೀರಪ್ಪ ಅಜ್ಜಂಪುರ ಮಾರ್ಗದ ಬಸ್ ಓಡಿಸುವ ಷಣ್ಮುಖಪ್ಪನವರ ಕೈಲಿ ಹೇಳಿಕಳಿಸಿದರು. ಉತ್ತರವನ್ನು ಷಣ್ಮುಖಪ್ಪ ಚಾಚೂ ತಪ್ಪದೆ ತಂದರು: "'ಗಾಡಿ ಏಳು ವರ್ಷದಿಂದ ಓಡ್ತೈತೆ ಅನ್ನು. ಅವನು ಕೇಳ್ದೇನೇ ಓಡ್ತೈತೆ ಅನ್ನು' ಅಂದ ಕಣಯ್ಯ. ನಾನೇನು ನಿಮ್ಮಿಬ್ರ ಪೋಸ್ಟ್‌ಮ್ಯಾನಾ? ನೆಟ್ಟಗೆ ಹೋಗಿ ಕಾಲು ಹಿಡ್ಕಬಾರ್ದಾ?"

"ಕಾಲು ಹಿಡೀತೀನಿ. ಆದ್ರೆ ಈಗ ಬೇರಿಂಗ್ ಹೋಗೈತೆ ಅಂದ್ರೆ ನಂಬ್ತಾನಾ ಅವನು? ಆವತ್ತೂ ಅದನ್ನೇ ಅಂದಿದ್ದೆ ನಾನು."

ಇದು ಸಣ್ಣಬೀರಪ್ಪನವರ ಸಂಕಟ. ಒಂದು ಸಲ ತಪ್ಪು ಹೇಳಿದ ಬಾಯಿಂದ ಅದೇ ಮಾತು ಈಗ ನಿಜವಾಗಿ ಬರಬೇಕಾಗಿದೆ. ಹೇಳದಿದ್ದರೆ ಒಂದು ದಿನ ಬೇರಿಂಗ್ ಕಿತ್ತು, ಹಿತ್ತಿಲಲ್ಲಿ ಹನ್ನೊಂದು ಭಾನುವಾರ ಕೂತು ಕಟ್ಟಿದ ಇಂಜಿನ್ನು ಕಬ್ಬಿಣದ ಗುಜರಿ ಆಗುತ್ತದೆ. ಅದಕ್ಕೂ ಮೊದಲು ಸದ್ದನ್ನು ಸರಿಯಾಗಿ, ನಿಂತ ಗಾಡಿಯಲ್ಲಿ, ಒಂದು ನಿಮಿಷ ಕೇಳಬೇಕು. ಹತ್ತು ಸೆಕೆಂಡಿನ ಸದ್ದನ್ನು ಅವರು ಇನ್ನು ನಂಬುವುದಿಲ್ಲ.

ಕಳೆದ ವಾರ ಮತ್ತೆ ಹೇಳಿಕಳಿಸಿದರು. "ಗೇಟಲ್ಲಿ ಇಂಜಿನ್ ಆಫ್ ಮಾಡ್ಬ್ಯಾಡ ಅನ್ನು. ಒಂದು ನಿಮಿಷ ಸಾಕು. ಇಳಿಯೋದೂ ಬ್ಯಾಡ, ನನ್ ಮುಖ ನೋಡೋದೂ ಬ್ಯಾಡ." ಜೊತೆಗೆ ಇನ್ನೊಂದು ಮಾತು: "ಬಾನೆಟ್ ಎತ್ತಿ, ಪೂಜೇದು ಏನಾದ್ರೂ ಬಿದ್ದಿದ್ರೆ ಗುಡಿಸ್ಕೊಂಡು ಬಾ ಅನ್ನು."

"ಅದ್ಕೇನಂದ?" ಎಂದು ಆಮೇಲೆ ಕೇಳಿದಾಗ ಷಣ್ಮುಖಪ್ಪ, "ಎಲೆ ಅಡಿಕೆ ಹಾಕ್ಕೊಂಡ, ಉಗುದ, ಒಳಗೆ ಹೋದ" ಎಂದರು.

ಅಡಿಕೆಯ ವಿಷಯ ಈ ಲೇಖನವಾಗಿ ಪತ್ರಿಕೆಯಲ್ಲಿ ಬರುವುದಕ್ಕೆ ಸಣ್ಣಬೀರಪ್ಪನವರ ಆಕ್ಷೇಪ ಇಲ್ಲ. "ಬರೀರಿ. ಅವನು ಭಾನುವಾರದ ಪೇಪರ್ ಓದ್ತಾನೆ. ಜಾಹೀರಾತನ್ನೂ ಬಿಡಲ್ಲ. ಆದ್ರೆ ತಪ್ಪು ಅಡಿಕೇದು ಅಂತ ಬರೀಬ್ಯಾಡಿ, ನಂದು ಅಂತ ಬರೀರಿ."

ಸೋಮವಾರ ಬೆಳಿಗ್ಗೆ ಎಂಟೂಕಾಲಕ್ಕೆ ಗೇಟು ಬೀಳುತ್ತದೆ. ಗೂಡ್ಸ್ ಬರುವುದಿದೆ. ಎರಡು ಎತ್ತಿನಗಾಡಿ, ಒಂದು ಲಾರಿ, ಷಣ್ಮುಖಪ್ಪನವರ ಬಸ್ಸು ಸಾಲಿನಲ್ಲಿ ನಿಂತಿವೆ. ಲಾರಿ ಆಫ್ ಆಗುತ್ತದೆ, ಬಸ್ ಆಫ್ ಆಗುತ್ತದೆ. ಶೆಡ್ಡಿನಲ್ಲಿ ಸಣ್ಣಬೀರಪ್ಪ ಒಂದು ಡೈನಮೋ ಬಿಚ್ಚುತ್ತಿದ್ದಾರೆ. ಇದ್ದಕ್ಕಿದ್ದಂತೆ ಕೈ ನಿಲ್ಲುತ್ತದೆ. ದೂರದಲ್ಲಿ ಬೂದು ಅಂಬಾಸಿಡರ್ ಬರುತ್ತಿದೆ. ನೂರು ಗಜ ಇದೆ. ಐವತ್ತು ಗಜ ಇದೆ. ಇಂಜಿನ್ ಇನ್ನೂ ಓಡುತ್ತಿದೆ.

ಕಾರು ಬಸ್ಸಿನ ಹಿಂದೆ, ಶೆಡ್ಡಿಗೆ ಸರಿಯಾಗಿ ಎದುರು ನಿಲ್ಲುತ್ತದೆ. ಸ್ಟಿಯರಿಂಗ್ ಮೇಲೆ ಎರಡು ಕೈ ಇಟ್ಟ ದೇವೀರಪ್ಪ ನೇರ ಮುಂದಕ್ಕೆ, ಬಸ್ಸಿನ ಹಿಂಬದಿಯನ್ನು ನೋಡುತ್ತ ಕೂತಿದ್ದಾರೆ. ತಲೆ ನರೆತಿದೆ. ಹಿಂದಿನ ಸೀಟಿನ ಪ್ರಯಾಣಿಕರೊಬ್ಬರು, "ಆಫ್ ಮಾಡ್ರೀ ಸ್ವಾಮಿ, ಸುಮ್ನೆ ಪೆಟ್ರೋಲ್ ಹಾಳು" ಎನ್ನುತ್ತಾರೆ. ದೇವೀರಪ್ಪನವರ ಬಲಗಾಲು ಆಕ್ಸಿಲರೇಟರನ್ನು ನಿಧಾನವಾಗಿ ಒತ್ತಿ ಬಿಡುತ್ತದೆ. ಮತ್ತೆ ಒತ್ತಿ ಬಿಡುತ್ತದೆ. ಶೆಡ್ಡಿನ ಮುಂದೆ ಸಂಜೆಗಳಲ್ಲಿ ಹಿಂದೆ ಹೇಗೆ ಮಾಡುತ್ತಿದ್ದರೋ ಹಾಗೇ.

ಸಣ್ಣಬೀರಪ್ಪ ಶೆಡ್ಡಿನ ಹೊಸ್ತಿಲು ದಾಟುವುದಿಲ್ಲ. ಮುಖ ನೋಡೋದೂ ಬ್ಯಾಡ ಎಂದು ಹೇಳಿಕಳಿಸಿದವರು ಅವರೇ. ಬಲಗಿವಿಯನ್ನು ರಸ್ತೆಯ ಕಡೆ ತಿರುಗಿಸಿ, ಕಣ್ಣು ಮುಚ್ಚಿ ನಿಂತಿದ್ದಾರೆ. ಗೂಡ್ಸ್ ಬಂದು ಎಲ್ಲ ಸದ್ದನ್ನೂ ತಿನ್ನುತ್ತದೆ. ಮೂವತ್ತೆರಡು ಡಬ್ಬಿ. ಕೊನೆಯ ಡಬ್ಬಿ ದಾಟಿದ ಮೇಲೂ ಅಂಬಾಸಿಡರ್ ಓಡುತ್ತಲೇ ಇದೆ, ಸಣ್ಣಬೀರಪ್ಪ ನಿಂತಲ್ಲೇ ಇದ್ದಾರೆ. ಗೇಟು ಮೇಲೇಳುತ್ತದೆ. ಬಸ್ಸು ಕದಲುತ್ತದೆ. ಅಂಬಾಸಿಡರ್ ಒಂದು ಕ್ಷಣ ತಡೆದು ಆಮೇಲೆ ಹೊರಡುತ್ತದೆ.

"ಬೇರಿಂಗೇ" ಎನ್ನುತ್ತಾರೆ ಸಣ್ಣಬೀರಪ್ಪ. "ಈ ಸಲ ಅಡಿಕೆ ಅಲ್ಲ. ಗುಡ್ಸಿ ತಂದವ್ನೆ, ಒಳಗೆ ಬೇರೇನೂ ಅಲ್ಲಾಡ್ತಿಲ್ಲ. ಇನ್ನೊಂದು ತಿಂಗಳು ತಾಳ್ತೈತೆ, ಅಷ್ಟರೊಳಗೆ ಆಗ್ಬೇಕು."

ಒಳಗೆ ಹೋಗಿ ಗೂಡಿನಿಂದ ಎಣ್ಣೆ ಕಾಗದದಲ್ಲಿ ಸುತ್ತಿದ ಒಂದು ಕಟ್ಟನ್ನು ಇಳಿಸುತ್ತಾರೆ. ಹಳೆಯ ಅಂಬಾಸಿಡರಿನ ಬೇರಿಂಗ್ ಸೆಟ್. ಸದ್ದು ಶುರುವಾದ ವಾರವೇ ತರಿಸಿಟ್ಟದ್ದು. ಧೂಳು ಒರೆಸಿ, ಕೈಗೆ ಸಿಗುವ ಹಾಗೆ ಬೆಂಚಿನ ತುದಿಯಲ್ಲಿ ಇಟ್ಟು, ಬಿಚ್ಚಿಟ್ಟ ಡೈನಮೋದ ಮುಂದೆ ಮತ್ತೆ ಕುಕ್ಕರುಗಾಲಲ್ಲಿ ಕೂರುತ್ತಾರೆ.

ನಿಮ್ಮ ಆಸೆ ಏನು ಎಂದು ಕೇಳಿದರೆ ಅವರು ತಲೆ ಎತ್ತುವುದಿಲ್ಲ.

"ಶುಕ್ರವಾರಾನೂ ಗೇಟ್ ಬೀಳ್ಲಿ" ಎನ್ನುತ್ತಾರೆ.